ಬ್ರೆಡ್ಡಿನ ನಡುವಿನ ಕೋಳಿ

ನಮ್ಮ ಜಿಡಗಾದಲ್ಲಿ ನಾನು ಸಣ್ಣವಳಿದ್ದಾಗ ಬ್ರೆಡ್ಡು ಎಂದರೆ ಜ್ವರದ ಊಟ. ಆಳಂದದಿಂದ ಯಾರಾದರೂ ಬ್ರೆಡ್ಡಿನ ಪೊಟ್ಟಣ ಹಿಡಿದು ಬಂದರೆ "ಯಾರಿಗಿ ಆರಾಮಿಲ್ಲವ್ವಾ?" ಎಂದು ಎದುರಿಗೆ ಸಿಕ್ಕವರು ಕೇಳುತ್ತಿದ್ದರು. ಹಾಲಿನಲ್ಲಿ ಅದ್ದಿ ತಿನ್ನುವ ಆ ಸಪ್ಪೆ ಪದಾರ್ಥದ ನಡುವೆ ಕೋಳಿ ಇಟ್ಟು ತಿನ್ನುತ್ತಾರೆಂದು ಹೇಳಿದ್ದರೆ ನಮ್ಮವ್ವ ನಕ್ಕುಬಿಡುತ್ತಿದ್ದಳು. ಮದುವೆಯಾಗಿ ಕಲಬುರಗಿಗೆ ಬಂದ ಮೇಲೆ, ಮಕ್ಕಳ ಹಟಕ್ಕೆ ನಾನೇ ಚಿಕನ್ ಸ್ಯಾಂಡ್‌ವಿಚ್ ಮಾಡಲು ಕಲಿತೆ. ಇಷ್ಟು ವರ್ಷ ಮಾಡಿ, ತಿಂದ ಮೇಲೆ ಅದರ ಗುಣದೋಷ ಹೇಳುವ ಹಕ್ಕು ನನಗೂ ಬಂದಿದೆ ಎಂದುಕೊಂಡಿದ್ದೇನೆ.

ಹೆಸರು ಬಂದದ್ದು 18ನೇ ಶತಮಾನದ ಇಂಗ್ಲೆಂಡಿನ ಒಬ್ಬ ಸಿರಿವಂತನಿಂದ, ಸ್ಯಾಂಡ್‌ವಿಚ್ ಎಂಬ ಊರಿನ ಬಿರುದು ಹೊತ್ತವನಿಂದ. ಆದರೆ ಕೈಯಲ್ಲೇ ಹಿಡಿದು ತಿನ್ನುವ ಊಟ ನಮಗೇನು ಹೊಸದಲ್ಲ. ಹೊಲಕ್ಕೆ ಹೋಗುವವರ ಬುತ್ತಿಯಲ್ಲಿ ಜೋಳದ ರೊಟ್ಟಿಯ ಮೇಲೆ ಪಲ್ಯ, ಶೇಂಗಾ ಹಿಂಡಿ ಇದ್ದೇ ಇರುತ್ತಿತ್ತು. ವ್ಯತ್ಯಾಸ ಒಂದೇ. ರೊಟ್ಟಿಗೆ ತನ್ನದೇ ರುಚಿಯಿದೆ, ಬ್ರೆಡ್ಡಿಗೆ ಅಷ್ಟಿಲ್ಲ. ಹಾಗಾಗಿ ಒಳಗಿನ ಕೋಳಿಯೇ ಎಲ್ಲ ಭಾರ ಹೊರಬೇಕು. ಬೇಯಿಸಿ ಎಳೆ ಎಳೆಯಾಗಿ ಬಿಡಿಸಿದ ಕೋಳಿ, ಉಪ್ಪು, ಮೆಣಸಿನಪುಡಿ, ಬ್ರೆಡ್ಡಿನ ಅಂಚಿನವರೆಗೂ ಸವರಿದ ಬೆಣ್ಣೆ, ಇಷ್ಟು ಸಾಕು. ಬೆಣ್ಣೆ ರುಚಿಗಷ್ಟೇ ಅಲ್ಲ, ಒಳಗಿನ ನೀರು ಬ್ರೆಡ್ಡಿಗೆ ಇಳಿಯದಂತೆ ತಡೆಯುವುದಕ್ಕೂ ಬೇಕು.

ಈ ಸರಳ ತಿಂಡಿಗೆ ಎಷ್ಟು ವೇಷಗಳು! ಕ್ಲಬ್ ಸ್ಯಾಂಡ್‌ವಿಚ್ಚಿಗೆ ಮೂರು ಬ್ರೆಡ್ಡು, ನಡುವೆ ಕಡ್ಡಿ. ನೋಡಲು ಚೆಂದ, ಬಾಯಿಗೆ ಹಿಡಿಯುವುದಿಲ್ಲ. 1953ರಲ್ಲಿ ಎಲಿಜಬೆತ್ ರಾಣಿಯ ಪಟ್ಟಾಭಿಷೇಕಕ್ಕೆಂದು ಇಂಗ್ಲೆಂಡಿನಲ್ಲಿ ತಣ್ಣನೆಯ ಕೋಳಿಗೆ ಕರಿ ಪೌಡರ್ ಬೆರೆಸಿ ಒಂದು ಅಡುಗೆ ಮಾಡಿದರು. ಮುಂದೆ ಅದೂ ಬ್ರೆಡ್ಡಿನೊಳಗೆ ಸೇರಿತು. ಮಸಾಲೆಯ ನಾಡಿನವರಾದ ನಮಗೆ ಅದು ಸಕ್ಕರೆ ಹಾಕಿದ ಸಾರಿನ ಹಾಗೆ. ಕರಿದ ಕೋಳಿಯ ಬನ್ನಿನದು ಬೇರೆಯೇ ಕಥೆ. 1995ರಲ್ಲಿ ಬೆಂಗಳೂರಿನಲ್ಲಿ ಕೆಎಫ್‌ಸಿ ಅಂಗಡಿ ತೆರೆದಾಗ ನಂಜುಂಡಸ್ವಾಮಿಯವರ ರೈತ ಸಂಘ ವಿರೋಧಿಸಿತು. 1996ರ ಜನವರಿಯಲ್ಲಿ ರೈತರು ಅಂಗಡಿಗೆ ನುಗ್ಗಿ ಧ್ವಂಸವನ್ನೂ ಮಾಡಿದರು. ಇಂದು ಅದೇ ಬಗೆಯ ಬನ್ನು ನಮ್ಮ ಊರುಗಳ ಬೇಕರಿಗಳಲ್ಲೇ ಸಿಗುತ್ತದೆ. ಬಿಸಿಯಿದ್ದಾಗ ಗರಿಗರಿ, ಕಟ್ಟಿಸಿ ಮನೆಗೆ ತರುವಷ್ಟರಲ್ಲಿ ಹಬೆಗೆ ಮೆತ್ತಗೆ.

ಇವೆಲ್ಲಕ್ಕಿಂತ ನನ್ನ ದೊಡ್ಡ ತಕರಾರು ಮೆಯೊನೀಸಿನ ಮೇಲೆ. ಎಲ್ಲದಕ್ಕೂ ಅದನ್ನು ಸುರಿದರೆ ಹಳಸಿದ ಕೋಳಿಯೂ ಗೊತ್ತಾಗುವುದಿಲ್ಲ. 2024ರ ಅಕ್ಟೋಬರ್ ಕೊನೆಯಲ್ಲಿ ನೆರೆಯ ತೆಲಂಗಾಣ ಸರ್ಕಾರ ಹಸಿ ಮೊಟ್ಟೆಯ ಮೆಯೊನೀಸನ್ನು ಒಂದು ವರ್ಷದ ಮಟ್ಟಿಗೆ ನಿಷೇಧಿಸಿದ್ದು ಸುಮ್ಮನೆ ಅಲ್ಲ. ಮನೆಯಲ್ಲಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿ, ಬೆಳ್ಳುಳ್ಳಿ ಜಜ್ಜಿ ಹಾಕಿದರೆ ಅದರ ಕೆಲಸ ಇದೇ ಮಾಡುತ್ತದೆ.

ಇಷ್ಟೆಲ್ಲ ಬೈದರೂ ಒಂದು ಋಣ ಉಳಿದಿದೆ. ಭಾನುವಾರ ನಮ್ಮ ಮನೆಯಲ್ಲಿ ಕೋಳಿ ಸಾರು ಮಾಡಿದರೆ ಒಳ್ಳೆಯ ತುಂಡು ಗಂಡಸರಿಗೆ, ಕಾಲು ಹುಡುಗರಿಗೆ. ಕೊನೆಗೆ ಕೂತ ಅತ್ತೆಗೂ ನನಗೂ ಸಾರು, ಕತ್ತಿನ ಎಲುಬು. ಯಾರೂ ಬೇಕೆಂದು ಮಾಡಿದ್ದಲ್ಲ, ಹಾಗೇ ನಡೆದು ಬಂದಿತ್ತು. ಮೊದಲ ಸಲ ಸ್ಯಾಂಡ್‌ವಿಚ್ ಮಾಡಿದ ದಿನ ಹತ್ತು ತ್ರಿಕೋನ ಕತ್ತರಿಸಿ ಐವರಿಗೂ ಎರಡೆರಡು ಕೊಟ್ಟೆ. ಅತ್ತೆ ಬ್ರೆಡ್ಡು ಬಿಡಿಸಿ ನೋಡಿ, "ನನಗೂ ಅಷ್ಟೇ ಇಟ್ಟೀ ಏನವ್ವಾ?" ಎಂದರು. ನನಗೆ ಉತ್ತರ ಹೊಳೆಯಲಿಲ್ಲ.

ಈಗ ಸ್ಯಾಂಡ್‌ವಿಚ್ ಮಾಡುವುದು ಅಪರೂಪ. ಮತ್ತೆ ರೊಟ್ಟಿ, ಕೋಳಿ ಸಾರು. ಆದರೆ ಬಡಿಸುವ ಮೊದಲೇ ಐದು ಬಟ್ಟಲು ಇಟ್ಟು ತುಂಡು ಹಂಚುತ್ತೇನೆ. ತುಂಡು ಎಣಿಸುವುದು ಸಣ್ಣತನ ಎನ್ನುವವರಿದ್ದಾರೆ. ಹಾಗೆ ಹೇಳುವವರ ತಟ್ಟೆಗೆ ಎಂದೂ ಕತ್ತಿನ ಎಲುಬು ಬಿದ್ದಿರುವುದಿಲ್ಲ.