ಕಡ್ಡಿ ಸಾವಿರ, ಗಿಡ ಒಂದೇ

ಗಿಡದ ಹುಚ್ಚಿರುವವರು ಯಾರ ಮನೆಗೆ ಹೋದರೂ ಕೇಳುವುದು ಒಂದೇ ಮಾತು: ‘ಒಂದು ಕಡ್ಡಿ ಕೊಡ್ತೀರಾ?’ ದಾಸವಾಳದ ಕಡ್ಡಿ ನಾಲ್ಕು ಮನೆಗೆ ಹೋದರೆ ಗಿಡ ನಾಲ್ಕಾಯಿತು ಎಂದು ಲೆಕ್ಕ ಹಾಕುತ್ತೇವೆ. ಆ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಒಂದೇ ಗಿಡ ನಾಲ್ಕು ಅಂಗಳದಲ್ಲಿ ನಿಂತಿರುತ್ತದೆ, ಅಷ್ಟೇ. ಒಂದನ್ನು ಕೊಲ್ಲುವ ರೋಗ ಉಳಿದ ಮೂರನ್ನೂ ಕೊಂದೀತು. ದಾಸವಾಳದ ಮಟ್ಟಿಗೆ ಇದು ದೊಡ್ಡ ಚಿಂತೆಯಲ್ಲ. ತನ್ನ ಜಾತಿಯಲ್ಲಿ ತಾನೊಂದೇ ಉಳಿದ ಗಿಡಕ್ಕಾದರೆ ಇದು ಅಳಿವು ಉಳಿವಿನ ಪ್ರಶ್ನೆ.

ಅಂಥ ಗಿಡ ಇರುವುದು ಹಿಂದೂ ಮಹಾಸಾಗರದ ರೊಡ್ರಿಗ್ಸ್ ದ್ವೀಪದಲ್ಲಿ. ಮಾರಿಷಸ್‌ನಿಂದ ಪೂರ್ವಕ್ಕೆ ಸುಮಾರು 560 ಕಿ.ಮೀ. ದೂರ, ವಿಸ್ತೀರ್ಣ ಸುಮಾರು 108 ಚದರ ಕಿ.ಮೀ. ಅಲ್ಲಿಯವರು ಇದನ್ನು ಕೆಫೆ ಮರೋನ್, ಅಂದರೆ ಕಾಡುಕಾಫಿ ಎನ್ನುತ್ತಾರೆ. ಸಸ್ಯಶಾಸ್ತ್ರದಲ್ಲಿ ರಾಮೋಸ್ಮೇನಿಯಾ. ಕಾಫಿಯ ಕುಟುಂಬಕ್ಕೇ ಸೇರಿದ ಪೊದೆ. ಹೂಮಳೆ ಬಿದ್ದ ಮೇಲೆ ಕೊಡಗಿನ ತೋಟಗಳು ಬೆಳ್ಳಗಾಗುವುದನ್ನು ಕಂಡವರಿಗೆ ಇದರ ನಕ್ಷತ್ರದಂಥ ಬಿಳಿ ಹೂ ತೀರಾ ಅಪರಿಚಿತ ಅನ್ನಿಸಲಾರದು.

ಎಲೆಯ ವಿಷಯಕ್ಕೆ ಬಂದರೆ ಇದರ ಜಾಣತನ ಬೇರೆಯದೇ. ಎಳೆಯ ಗಿಡದ್ದು ರಿಬ್ಬನ್ನಿನಂಥ ಉದ್ದನೆಯ, ಕಂದು ಮಚ್ಚೆಯ ಎಲೆ. ನೋಡಿದರೆ ಒಣಗಿದೆ ಅನ್ನಬೇಕು. ಗಿಡ ಎತ್ತರವಾದಂತೆ ಅಗಲವಾದ ಹಸಿರೆಲೆ ಬರುತ್ತದೆ. ದ್ವೀಪದಲ್ಲಿ ಒಂದು ಕಾಲಕ್ಕೆ ತುಂಬಿಕೊಂಡಿದ್ದ ದೈತ್ಯ ಆಮೆಗಳ ಬಾಯಿಂದ ತಪ್ಪಿಸಿಕೊಳ್ಳುವ ಉಪಾಯವಿದು ಎಂಬುದು ವಿಜ್ಞಾನಿಗಳ ಊಹೆ. ಆಮೆಗಳನ್ನು 18ನೇ ಶತಮಾನದಲ್ಲಿ ಹಡಗಿನವರು ಮಾಂಸಕ್ಕಾಗಿ ಹೊತ್ತು ಮುಗಿಸಿದರು. ಆಮೇಲೆ ಕಾಡು ಕಡಿದರು, ಬೆಂಕಿ ಹಚ್ಚಿದರು, ಮೇಕೆ ದನ ಬಿಟ್ಟರು. ಮೇಕೆಯ ಮುಂದೆ ಯಾವ ಉಪಾಯ ತಾನೇ ನಡೆದೀತು!

1874ರ ಶುಕ್ರ ಸಂಕ್ರಮಣ ನೋಡಲು ಬಂದ ತಂಡದ ಜೊತೆ ಐಸಾಕ್ ಬೇಲಿ ಬಾಲ್ಫೋರ್ ಎಂಬ ಸಸ್ಯಶಾಸ್ತ್ರಜ್ಞ ಈ ದ್ವೀಪದ ಗಿಡಗಳನ್ನು ದಾಖಲಿಸಿದ್ದರು. ಮುಂದಿನ ಶತಮಾನದ ನಡುವಿನ ಹೊತ್ತಿಗೆ ಕೆಫೆ ಮರೋನ್ ನಿರ್ನಾಮವಾಯಿತೆಂದೇ ಎಲ್ಲರೂ ತಿಳಿದಿದ್ದರು. 1980ರ ಸುಮಾರಿಗೆ, ಮೇಷ್ಟ್ರು ಕಳಿಸಿದ ಶಾಲಾ ಹುಡುಗನೊಬ್ಬ ಹಿಡಿದು ತಂದ ರೆಂಬೆ ಇದೇ ಗಿಡದ್ದಾಗಿತ್ತು. ಸುದ್ದಿ ಹಬ್ಬಿತು. ಕುಡಿತದ ಮರುದಿನದ ತಲೆನೋವಿಗೂ ಗುಹ್ಯರೋಗಕ್ಕೂ ಇದು ಮದ್ದು ಎಂಬ ನಂಬಿಕೆ ಅಲ್ಲಿತ್ತು. ಬೇಲಿ ಹಾಕಿದರೂ ಜನ ಬೇಲಿ ಹಾರಿ ರೆಂಬೆ ಮುರಿದರು. ಬೇಲಿಯ ಮೇಲೆ ಬೇಲಿ ಬಂತು.

1986ರಲ್ಲಿ ಕಡ್ಡಿಗಳನ್ನು ಲಂಡನ್ನಿನ ಕ್ಯೂ ಸಸ್ಯೋದ್ಯಾನಕ್ಕೆ ಕಳಿಸಿದರು. ಒಂದು ಬೇರುಬಿಟ್ಟಿತು. ಅದರಿಂದ ಇನ್ನಷ್ಟು ಕಡ್ಡಿ, ಇನ್ನಷ್ಟು ಕುಂಡ. ಹೂವಿಗೇನೂ ಬರವಿಲ್ಲ, ಒಂದೂ ಕಾಯಿ ಕಚ್ಚಲಿಲ್ಲ. ಪರಾಗ ಚೆನ್ನಾಗಿಯೇ ಇತ್ತು. ಹೂವಿನ ಹೆಣ್ಣು ಭಾಗವಾದ ಶಲಾಕೆಯ ತುದಿಯಲ್ಲಿ ಬಿದ್ದ ಪರಾಗ ಒಳಗಿಳಿಯುತ್ತಿರಲಿಲ್ಲ. ಕಾರ್ಲೋಸ್ ಮ್ಯಾಗ್ಡಲೀನಾ ಎಂಬ ತೋಟಗಾರ ಹಟಕ್ಕೆ ಬಿದ್ದು, ಹೂವಿನ ಶಲಾಕೆಯ ತುದಿಯನ್ನು ಬ್ಲೇಡಿನಿಂದ ಕತ್ತರಿಸಿ, ಆ ಹಸಿ ಗಾಯಕ್ಕೇ ಪರಾಗ ಹಚ್ಚಿದರು. ಹೂವಿನಿಂದ ಹೂವಿಗೆ ಇದೇ ಕೆಲಸ. 2003ರಲ್ಲಿ ಕಾಯಿ ಕಟ್ಟಿತು. ಗಿಡವನ್ನು ಗಾಜಿನಮನೆಯ ಹೆಚ್ಚು ಸೆಕೆಯ ಜಾಗಕ್ಕೆ ಸರಿಸಿದರೆ ಕಾಯಿ ನಿಲ್ಲುತ್ತದೆಂಬ ಗುಟ್ಟೂ ಅವರ ಕೈಗೆ ಸಿಕ್ಕಿತು. ಪ್ರಯೋಗಾಲಯಕ್ಕಿಂತ ತೋಟಗಾರನ ಕಣ್ಣು ಮೇಲು ಎಂದು ನಾನು ಹೇಳಿದರೆ ವಿಜ್ಞಾನಿ ಮಿತ್ರರು ಸಿಟ್ಟಾಗುತ್ತಾರೆ, ಇರಲಿ.

ಬೀಜದಿಂದ ಎದ್ದ ಸಸಿಗಳು ಒಂದರಂತೆ ಒಂದಿರಲಿಲ್ಲ. ಹಳೆಯ ಗಿಡದ ಹೂಗಳೆಲ್ಲ ಗಂಡು ಹೂವಿನಂತೆ ವರ್ತಿಸುತ್ತಿದ್ದರೆ, ಸಸಿಗಳಲ್ಲಿ ಹೆಣ್ಣು ಹೂಗಳೂ ಕಂಡವು. ಕಡ್ಡಿ ನೆಡುತ್ತಲೇ ಇದ್ದಿದ್ದರೆ ಇದು ಎಂದಿಗೂ ಗೊತ್ತಾಗುತ್ತಿರಲಿಲ್ಲ. ಎಲ್ಲವೂ ಒಂದೇ ತಾಯಿಯ ಮಕ್ಕಳು ಎಂಬ ಕೊರತೆ ಇದ್ದೇ ಇದೆ, ಆದರೂ ತಲೆಮಾರು ಮುಂದುವರಿಯಿತು. ಬೀಜಗಳು ದ್ವೀಪಕ್ಕೆ ಮರಳಿದವು.

ಅಲ್ಲಿನ ಗ್ರಾಂಡ್ ಮೊಂಟಾನ್ಯ ರಕ್ಷಿತಾರಣ್ಯದಲ್ಲಿ ಮಾರಿಷಸ್ ವನ್ಯಜೀವಿ ಪ್ರತಿಷ್ಠಾನದವರು ಹೊರಗಿನಿಂದ ಬಂದ ಕಳೆಗಳನ್ನು ಕೈಯಿಂದ ಕಿತ್ತು ಸ್ಥಳೀಯ ಗಿಡ ನೆಡುತ್ತಿದ್ದಾರೆ. ನನ್ನ ಲೆಕ್ಕದಲ್ಲಿ ಬ್ಲೇಡಿನ ಸಾಹಸಕ್ಕಿಂತ ಇದು ದೊಡ್ಡದು, ಪತ್ರಿಕೆಯಲ್ಲಿ ಫೋಟೋ ಬರದಿದ್ದರೂ. ಕ್ಯೂನ ಕುಂಡದಲ್ಲಿ ಗಿಡ ಬದುಕಬಹುದು. ಅದಕ್ಕೊಂದು ಊರು ಬೇಕಲ್ಲ?

ನಮ್ಮ ಗುಡ್ಡಗಳ ಕೇಪಳ, ಕಾರೆ ಎರಡೂ ಕಾಫಿಯ ನೆಂಟರೇ. ಇಂದು ಸಾಕಷ್ಟಿವೆ ಎಂಬ ಧೈರ್ಯದಲ್ಲೇ ಲೇಔಟಿಗೆ ಗುಡ್ಡ ಬೋಳಿಸುತ್ತಿದ್ದೇವೆ. ಈ ಸಲ ಹಣ್ಣಾದಾಗ ದೂರದೂರದ ನಾಲ್ಕಾರು ಪೊದೆಗಳಿಂದ ಬೀಜ ಆಯ್ದು ಹಿತ್ತಿಲಲ್ಲಿ ಬಿತ್ತಿ. ಪಂಚಾಯಿತಿ ಸಭೆಯಲ್ಲಿ ಗುಡ್ಡದ ವಿಷಯ ಬಂದಾಗ ಹೋಗಿ ಕೂತು ನಾಲ್ಕು ಮಾತಾಡಿ. ಜೆಸಿಬಿ ಬಂದ ಮೇಲೆ ಹೋದರೆ ಬೀಜವೂ ಸಿಗುವುದಿಲ್ಲ.