ಉಲ್ಲೇಖಗಳ ತಕ್ಕಡಿಯಲ್ಲಿ ಫ್ರೆಡರಿಕ್ ಸ್ಯಾಂಗರ್

ಒಬ್ಬ ವಿಜ್ಞಾನಿಯ ಸಾಧನೆಯನ್ನು ಅಳೆಯುವುದು ಹೇಗೆ? ಇದಕ್ಕೆ ಈಗ ಒಂದು ಸುಲಭದ ಉತ್ತರ ಬಳಕೆಯಲ್ಲಿದೆ. ಅವರು ಪ್ರಕಟಿಸಿದ ಸಂಶೋಧನ ಪ್ರಬಂಧಗಳನ್ನು ಎಣಿಸುವುದು. ಇತರರು ಅವನ್ನು ಎಷ್ಟು ಸಲ ಉಲ್ಲೇಖಿಸಿದ್ದಾರೆಂದು ಲೆಕ್ಕ ಹಾಕುವುದು. ನೇಮಕಾತಿ, ಬಡ್ತಿ, ಧನಸಹಾಯಗಳ ಸಂದರ್ಭದಲ್ಲಿ ಈ ಲೆಕ್ಕಕ್ಕೆ ಬಹಳ ಬೆಲೆ. ಈ ತಕ್ಕಡಿಯನ್ನು ಎಷ್ಟರ ಮಟ್ಟಿಗೆ ನಂಬಬಹುದು? ಅಣುಜೀವವಿಜ್ಞಾನದ ಒಬ್ಬ ಹಿರಿಯರನ್ನೇ ಅದರಲ್ಲಿಟ್ಟು ನೋಡೋಣ.

ಬ್ರಿಟನ್ನಿನ ಫ್ರೆಡರಿಕ್ ಸ್ಯಾಂಗರ್ (1918–2013) ರಸಾಯನವಿಜ್ಞಾನದ ನೊಬೆಲ್ ಪಾರಿತೋಷಕವನ್ನು ಎರಡು ಬಾರಿ ಪಡೆದವರು. ಇನ್ಸುಲಿನ್‌ನ 51 ಅಮೈನೊ ಆಮ್ಲಗಳು ಯಾವ ಅನುಕ್ರಮದಲ್ಲಿವೆ ಎಂದು ತೋರಿಸಿದ್ದಕ್ಕೆ 1958ರಲ್ಲಿ. ಡಿಎನ್‌ಎಯ ಅನುಕ್ರಮವನ್ನು ಓದುವ ವಿಧಾನಕ್ಕಾಗಿ 1980ರಲ್ಲಿ, ಇತರ ಇಬ್ಬರೊಡನೆ. ಇವೆರಡರ ನಡುವೆ ಅವರ ಪ್ರಕಟಣೆಗಳು ವಿರಳ. ಸ್ಯಾಂಗರ್ ತೀರಿಕೊಂಡ ನಂತರ ಅವರ ಸಹೋದ್ಯೋಗಿ ಸಿಡ್ನಿ ಬ್ರೆನರ್ 2014ರಲ್ಲಿ ಒಂದು ಕಟುವಾದ ಮಾತು ಬರೆದರು. ಇಂದಿನ ವ್ಯವಸ್ಥೆಯಲ್ಲಿ ಸ್ಯಾಂಗರ್ ಉಳಿಯುತ್ತಿರಲಿಲ್ಲ, ಯಾವುದೋ ಸಮಿತಿ ಅವರ ದೀರ್ಘ ಮೌನವನ್ನು ಗಮನಿಸಿ ಧನಸಹಾಯವನ್ನೇ ನಿಲ್ಲಿಸುತ್ತಿತ್ತು ಎಂಬುದು ಅದರ ಸಾರ.

ಬ್ರೆನರ್ ಅವರ ಲೆಕ್ಕ ತುಸು ಬಿಗಿಯಾಯಿತು ಎನ್ನಬೇಕು. 1964ರಲ್ಲಿ ಮಾರ್ಕರ್ ಜೊತೆಗೂಡಿ ಸ್ಯಾಂಗರ್ ಫಾರ್ಮೈಲ್ ಮಿಥಿಯೊನಿನ್ ಹೊತ್ತ ಆರ್‌ಎನ್‌ಎಯನ್ನು ವರದಿ ಮಾಡಿದ್ದರು. ಬ್ಯಾಕ್ಟೀರಿಯಗಳಲ್ಲಿ ಪ್ರೋಟೀನ್ ತಯಾರಿ ಆರಂಭವಾಗುವುದು ಇದರಿಂದಲೇ ಎಂದು ಮುಂದೆ ತಿಳಿಯಿತು. 1965ರಲ್ಲಿ ಆರ್‌ಎನ್‌ಎ ತುಣುಕುಗಳನ್ನು ಬೇರ್ಪಡಿಸುವ ತಂತ್ರವೊಂದು ಪ್ರಕಟವಾಯಿತು. ಆದರೂ ಬ್ರೆನರ್ ಅವರ ಮುಖ್ಯ ವಾದ ನಿಲ್ಲುತ್ತದೆ. ಹೊಸ ವಿಧಾನ ಮಾಗಲು ವರ್ಷಗಳೇ ಬೇಕು. ವಾರ್ಷಿಕ ವರದಿಗೆ ಅಷ್ಟು ತಾಳ್ಮೆಯಿಲ್ಲ.

ಆ ತಾಳ್ಮೆಯ ಫಲ 1977ರಲ್ಲಿ ಬಂದ ಐದು ಪುಟಗಳ ಪ್ರಬಂಧ. ಡಿಎನ್‌ಎ ಎಳೆ ಬೆಳೆಯುವಾಗ ಆಗೊಂದು ಈಗೊಂದು ಡೈಡಿಆಕ್ಸಿ ನ್ಯೂಕ್ಲಿಯೊಟೈಡ್ ಸೇರಿದರೆ, ಮುಂದಿನ ಕೊಂಡಿಗೆ ಬೇಕಾದ ಹೈಡ್ರಾಕ್ಸಿಲ್ ಗುಂಪು ಇಲ್ಲದೆ ಬೆಳವಣಿಗೆ ಅಲ್ಲಿಗೇ ನಿಲ್ಲುತ್ತದೆ. ಹೀಗೆ ಬೇರೆಬೇರೆ ಕಡೆ ನಿಂತ ತುಣುಕುಗಳನ್ನು ಉದ್ದಕ್ಕನುಸಾರ ಜೋಡಿಸಿದರೆ ಅನುಕ್ರಮವನ್ನು ಓದಬಹುದು. 2003ರಲ್ಲಿ ಮುಗಿದ ಮಾನವ ಜೀನೋಮ್ ಯೋಜನೆಗೆ ಆಧಾರ ಇದೇ ವಿಧಾನ.

'ನೇಚರ್' ಪತ್ರಿಕೆ 2014ರಲ್ಲಿ ಪ್ರಕಟಿಸಿದ, ಅತಿ ಹೆಚ್ಚು ಉಲ್ಲೇಖ ಪಡೆದ ನೂರು ಪ್ರಬಂಧಗಳ ಪಟ್ಟಿಯಲ್ಲಿ ಇದಕ್ಕೆ ನಾಲ್ಕನೆಯ ಸ್ಥಾನ. ಉಲ್ಲೇಖಗಳು 65,000ಕ್ಕೂ ಹೆಚ್ಚು. ಹಾಗಾದರೆ ತಕ್ಕಡಿ ಸರಿಯಾಗಿಯೇ ಇದೆ ಎನ್ನುವಿರಾ? ಸ್ವಲ್ಪ ತಾಳಿ. ಪಟ್ಟಿಯ ಮೊದಲ ಸ್ಥಾನದಲ್ಲಿರುವುದು ಪ್ರೋಟೀನ್ ಪ್ರಮಾಣವನ್ನು ಅಳೆಯುವ ವಿಧಾನ ಕುರಿತು ಆಲಿವರ್ ಲೌರಿ ಮತ್ತು ಸಂಗಡಿಗರು 1951ರಲ್ಲಿ ಬರೆದದ್ದು. ಉಲ್ಲೇಖಗಳು ಮೂರು ಲಕ್ಷ ಮೀರಿವೆ. ಅದೇನೂ ಮಹಾನ್ ಪ್ರಬಂಧವಲ್ಲವೆಂದು ಲೌರಿಯವರೇ ಒಪ್ಪಿಕೊಂಡಿದ್ದರು. ವಾಟ್ಸನ್–ಕ್ರಿಕ್ ಅವರ 1953ರ ಡಿಎನ್‌ಎ ರಚನೆಯ ಪ್ರಬಂಧಕ್ಕಂತೂ ಆ ನೂರರಲ್ಲಿ ಜಾಗವೇ ಇಲ್ಲ! ಉಲ್ಲೇಖಗಳ ಸಂಖ್ಯೆ ಹೇಳುವುದು ಬಳಕೆಯನ್ನು, ಹಿರಿಮೆಯನ್ನಲ್ಲ.

ಬಳಕೆಯನ್ನಾದರೂ ಪೂರ್ತಿ ಹೇಳುತ್ತದೆಯೇ? ಅದೂ ಇಲ್ಲ. ಜಿ. ಎನ್. ರಾಮಚಂದ್ರನ್ ಮತ್ತು ಸಂಗಡಿಗರು 1963ರಲ್ಲಿ ಮದರಾಸಿನಿಂದ ಪ್ರಕಟಿಸಿದ 'ರಾಮಚಂದ್ರನ್ ನಕ್ಷೆ'ಯನ್ನೇ ನೋಡಿ. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಭೌತವಿಜ್ಞಾನ ವಿಭಾಗವನ್ನು ಕಟ್ಟಿದವರು ಇವರೇ. ಪ್ರೋಟೀನ್ ರಚನೆಯನ್ನು ಪರಿಶೀಲಿಸುವವರಿಗೆ ಈ ನಕ್ಷೆ ನಿತ್ಯದ ಸಾಧನ. ಹೆಸರು ಅಷ್ಟು ರೂಢಿಯಾಗಿರುವುದರಿಂದ ಮೂಲ ಪ್ರಬಂಧವನ್ನು ಉಲ್ಲೇಖಿಸದೆಯೇ ನಕ್ಷೆಯನ್ನು ಬಳಸುವವರುಂಟು. 'ಸ್ಯಾಂಗರ್ ವಿಧಾನ'ದ ಪಾಡೂ ಅದೇ.

2005ರಲ್ಲಿ ಹಿರ್ಷ್ ಸೂಚಿಸಿದ ಎಚ್-ಸೂಚ್ಯಂಕದ ಕತೆ ಇನ್ನೂ ಸ್ವಾರಸ್ಯದ್ದು. ತಲಾ ಹತ್ತಾದರೂ ಉಲ್ಲೇಖ ಪಡೆದ ಹತ್ತು ಪ್ರಬಂಧಗಳಿದ್ದರೆ ಸೂಚ್ಯಂಕ ಕನಿಷ್ಠ 10. ಈ ಲೆಕ್ಕದಲ್ಲಿ ಸ್ಯಾಂಗರರ 65,000 ಉಲ್ಲೇಖಗಳ ಆ ಪ್ರಬಂಧ ಕೂಡಿಸುವುದು ಹೆಚ್ಚೆಂದರೆ ಒಂದು ಅಂಕ!

ಅಂಕಿಗಳನ್ನು ಬಿಟ್ಟುಬಿಡಿ ಎಂದಲ್ಲ. ಒಂದು ವಿಧಾನ ಎಷ್ಟು ಪ್ರಯೋಗಾಲಯಗಳಿಗೆ ತಲುಪಿದೆ ಎಂದು ಅಂದಾಜು ಮಾಡಲು ಅವು ಬೇಕು. ಆದರೆ ಅಧ್ಯಾಪಕರೇ, ನಿಮ್ಮ ವಿದ್ಯಾರ್ಥಿಗಳು ಯಾರದೋ ಪ್ರಕಟಣೆಗಳ ಪಟ್ಟಿ ಹಿಡಿದು ಬೆರಗಾದಾಗ ಅದರಲ್ಲಿನ ಒಂದು ಪ್ರಬಂಧವನ್ನು ಅವರೊಡನೆ ಕುಳಿತು ಓದಿ. ಏನು ಪ್ರಶ್ನೆ ಕೇಳಿದ್ದಾರೆ, ಉತ್ತರಕ್ಕೆ ಸಾಕ್ಷ್ಯವೇನು, ಅದರಿಂದ ಬೇರೆಯವರು ಏನು ಮಾಡಲು ಸಾಧ್ಯವಾಯಿತು ಎಂದು ಕೇಳಿ. ಸ್ಯಾಂಗರರ ಆ ಐದು ಪುಟಗಳಿಂದಲೇ ಆರಂಭಿಸಬಹುದು.