ಜೆಸಿಬಿ ಎತ್ತಿತು ಸರಿ, ಎಷ್ಟು ಎತ್ತಿತು?

ಶಾಲೆಯ ವಿಜ್ಞಾನ ವಸ್ತುಪ್ರದರ್ಶನದಲ್ಲಿ ಹೈಡ್ರಾಲಿಕ್ ಮಾದರಿ ಎಂದರೆ ಈಗ ಸಿರಿಂಜ್ ಜೆಸಿಬಿ. ರಟ್ಟಿನ ತೋಳು, ಬಣ್ಣದ ನೀರು, ಡ್ರಿಪ್ ಪೈಪು. ಈ ಕಡೆ ಒತ್ತಿದರೆ ಆ ಕಡೆ ಬಕೆಟ್ ಏಳುತ್ತದೆ. ಪಕ್ಕದ ಚಾರ್ಟಿನಲ್ಲಿ ಪ್ಯಾಸ್ಕಲ್ ನಿಯಮ, ಅದರ ಕೆಳಗೆ ‘ಕಡಿಮೆ ಬಲದಿಂದ ಹೆಚ್ಚು ಭಾರ ಎತ್ತಬಹುದು’ ಎಂಬ ಸಾಲು. ನನ್ನ ತಕರಾರು ಆ ಸಾಲಿನ ಬಗ್ಗೆ. ಎರಡೂ ತುದಿಗೆ ಒಂದೇ ಅಳತೆಯ ಸಿರಿಂಜ್ ಹಾಕಿದ್ದರೆ ಬಲ ಒಂದಿಷ್ಟೂ ಹೆಚ್ಚುವುದಿಲ್ಲ; ಇಲ್ಲಿಂದ ಅಲ್ಲಿಗೆ ಸಾಗುತ್ತದೆ, ಅಷ್ಟೆ. ಸಿರಿಂಜ್ ತೋಳಿನ ಕೀಲಿಗೆ ಹತ್ತಿರ, ಬಕೆಟ್ ದೂರ ಇರುವುದರಿಂದ ಬಕೆಟ್ಟಿಗೆ ತಲುಪುವ ಬಲ ಇನ್ನೂ ಕಡಿಮೆ. ಚಾರ್ಟ್ ಒಂದು ಹೇಳುತ್ತದೆ, ಮಾದರಿ ಇನ್ನೊಂದು ಮಾಡುತ್ತದೆ. ಯಾರೂ ಅಳೆಯದ ಕಾರಣ ಅದು ಗೊತ್ತಾಗುವುದೇ ಇಲ್ಲ.

ಪ್ಯಾಸ್ಕಲ್‌ನ ಈ ನಿಯಮವಿರುವ ಗ್ರಂಥ ಅಚ್ಚಾದದ್ದು 1663ರಲ್ಲಿ, ಅವನು ತೀರಿಕೊಂಡ ಮರುವರ್ಷ. ಅದರ ತಿರುಳನ್ನು ಜೋಸೆಫ್ ಬ್ರಾಮಾ 1795ರಲ್ಲಿ ಯಂತ್ರವಾಗಿಸಿ ಪೇಟೆಂಟ್ ಪಡೆದ. ಒಂದು ಸಣ್ಣ ಕೊಳವೆ, ಒಂದು ದೊಡ್ಡ ಕೊಳವೆ: ಆ ವ್ಯತ್ಯಾಸದಲ್ಲೇ ಅವನ ಯಂತ್ರದ ಜೀವ. ಶಾಲೆಯ ಮಾದರಿಗೂ ಅದೇ ಬೇಕು. ಕೊಳವೆಯ ವಿಸ್ತೀರ್ಣ ತಿಳಿಯಲು ವರ್ನಿಯರ್ ಬೇಡ, ಹತ್ತು ರೂಪಾಯಿಯ ಸ್ಕೇಲ್ ಸಾಕು. ಸಿರಿಂಜಿನ ಮೇಲೆ ಮಿಲಿಲೀಟರ್ ಗೆರೆಗಳಿವೆ, 5 ಮಿ.ಲೀ. ಗೆರೆಗಳು 4 ಸೆಂ.ಮೀ. ಉದ್ದ ಹಬ್ಬಿದ್ದರೆ ಭಾಗಿಸಿ, ವಿಸ್ತೀರ್ಣ 1.25 ಚದರ ಸೆಂ.ಮೀ. ದೊಡ್ಡದರಲ್ಲಿ 20 ಮಿ.ಲೀ. 6.4 ಸೆಂ.ಮೀ. ಹಬ್ಬಿದ್ದರೆ 3.125. ಬಲ ಎರಡೂವರೆ ಪಟ್ಟು. ಸಣ್ಣದನ್ನು 4 ಸೆಂ.ಮೀ. ಒತ್ತಿದರೆ ದೊಡ್ಡದು ಏಳುವುದು 1.6 ಸೆಂ.ಮೀ. ಮಾತ್ರ, ಬಲದಲ್ಲಿ ಗಳಿಸಿದ್ದನ್ನು ದೂರದಲ್ಲಿ ತೆರಬೇಕು. ಇದನ್ನು ಮಗು ಸ್ಕೇಲ್ ಹಿಡಿದೇ ಕಾಣಬಹುದು.

ಈಗ ದೊಡ್ಡ ಸಿರಿಂಜಿನ ಮೇಲೆ ಎರಡು ಕೆ.ಜಿ. ಸಕ್ಕರೆ ಇಡಿ. ಲೆಕ್ಕದ ಪ್ರಕಾರ ಸಣ್ಣದರ ಮೇಲೆ 800 ಗ್ರಾಂ ಸಾಕು. ಆದರೆ ಸಾಲುವುದಿಲ್ಲ. ರಬ್ಬರ್ ತುದಿ ಗೋಡೆಗೆ ಉಜ್ಜುತ್ತದೆ, ಅದಕ್ಕೂ ಬಲ ಬೇಕು. ಪೈಪಿನಲ್ಲಿ ಗಾಳಿಗುಳ್ಳೆ ಉಳಿದಿದ್ದರೆ ಒತ್ತಿದ ಮೊದಲ ಭಾಗ ಗುಳ್ಳೆಯನ್ನು ಕುಗ್ಗಿಸುವುದಕ್ಕೇ ಖರ್ಚು. ಆದ್ದರಿಂದ ಕುದಿಸಿ ಆರಿಸಿದ ನೀರು ತೆಗೆದುಕೊಂಡು, ಬಕೆಟ್ಟಿನಲ್ಲಿ ಮುಳುಗಿಸಿಯೇ ಜೋಡಿಸಬೇಕು. ಲೆಕ್ಕಕ್ಕೂ ನಿಜಕ್ಕೂ ನಡುವಿನ ಈ ಅಂತರವೇ ಪ್ರಯೋಗದ ಅತ್ಯಂತ ಬೆಲೆಬಾಳುವ ಭಾಗ. ಅದನ್ನು ಮುಚ್ಚಿಡದೆ ಚಾರ್ಟಿನಲ್ಲಿ ಬರೆಯಬೇಕು. ಸಿರಿಂಜ್ ಮಾತ್ರ ಹೊಸದೇ ಇರಲಿ, ಸೂಜಿ ಬೇಡ. ಆಸ್ಪತ್ರೆಯಲ್ಲಿ ಬಳಸಿ ಬಿಸಾಡಿದ್ದನ್ನು ಮಕ್ಕಳು ಮುಟ್ಟಕೂಡದು.

ಲೆಕ್ಕ ತಂದರೆ ಮಕ್ಕಳ ಉತ್ಸಾಹ ಇಂಗುತ್ತದೆ, ಜೆಸಿಬಿಯೇ ಅವರಿಗೆ ಇಷ್ಟ ಎನ್ನುವವರಿದ್ದಾರೆ. ಮಾತಿನಲ್ಲಿ ಹುರುಳಿದೆ, ಆಟವಿಲ್ಲದೆ ಎಂಟನೇ ತರಗತಿಯ ‘ಬಲ ಮತ್ತು ಒತ್ತಡ’ ಪಾಠ ಬರೀ ಬಾಯಿಪಾಠ. ಆದರೆ ಆಟ ಬಿಡಿ ಎಂದವರಾರು? ಹಾಸನದ ಆಲೂಗಡ್ಡೆ ಹೊಲ, ಅರಕಲಗೂಡಿನ ಹೊಗೆಸೊಪ್ಪಿನ ಹೊಲ, ಹೊಳೆನರಸೀಪುರದ ಗದ್ದೆ, ಚನ್ನರಾಯಪಟ್ಟಣದ ತೆಂಗಿನ ತೋಟ, ಎಲ್ಲೇ ಆಗಲಿ, ಟ್ರ್ಯಾಕ್ಟರ್ ಸಾಲಿನ ಕೊನೆಗೆ ಬಂದಾಗ ಡ್ರೈವರ್ ಒಂದು ಲಿವರ್ ಎಳೆಯುತ್ತಾನೆ, ಹಿಂದಿನ ಕಲ್ಟಿವೇಟರ್ ನೆಲ ಬಿಟ್ಟು ಏಳುತ್ತದೆ. ಅಲ್ಲಿ ಎಂಜಿನ್ ತಿರುಗಿಸುವ ಪಂಪು, ನೀರಿನ ಬದಲು ಎಣ್ಣೆ, ತತ್ವ ಒಂದೇ. ಈ ಊರುಗಳ ಮಗುವಿಗೆ ಇದಕ್ಕಿಂತ ಹತ್ತಿರದ ಮಾದರಿ ಇನ್ನೊಂದಿಲ್ಲ, ಮಾಡುವುದೂ ಜೆಸಿಬಿಗಿಂತ ಸುಲಭ. ಅಂಗಡಿಯ ಸಿದ್ಧ ಕಿಟ್ ಅಂದವಾಗಿರುತ್ತದೆ, ಬಹುಮಾನವೂ ಅದಕ್ಕೇ ಹೋಗುತ್ತದೆ ಎಂಬ ಪೋಷಕರ ಅಳಲು ಮಾತ್ರ ನ್ಯಾಯವಾದದ್ದು. ಅದಕ್ಕೆ ಉತ್ತರ ಹೇಳಬೇಕಾದವರು ಮಕ್ಕಳಲ್ಲ, ತೀರ್ಪುಗಾರರು. ಮೇಜಿನ ಮುಂದೆ ನಿಂತಾಗ ಬಣ್ಣ ನೋಡುವ ಮೊದಲು ಅವರು ಮಗುವಿನ ಅಳತೆಯ ಹಾಳೆ ಕೇಳಿ ನೋಡಲಿ.